ಹಿತ್ತಾಳೆ ಸ್ಕ್ರೂ

ಉಮ್ಮ್ ಅಲ್ ಕುವೈನ್, ಹಿನ್ನೀರಿನ ದಂಡೆ, ತಗಡಿನ ಶೆಡ್ಡು.
ಟ್ರೇಲರಿನ ಮೇಲೆ ಬಂದು ನಿಂತಿತು
ಖಲ್ಫಾನರ ಸ್ಕೀ ಬೋಟು.
ಎಂಬತ್ತಾರರ ಮಾಡೆಲ್ಲು, ಹೊಟ್ಟೆಯ ನಡುವೆ ಇಂಜಿನ್ನು,
ಅದರ ಮುಂದೆ ಹಗ್ಗ ಕಟ್ಟುವ ಗೂಟ,
ಬದಿಯ ಕೆಂಪು ಪಟ್ಟಿ ಬಿಸಿಲಿಗೆ
ತೊಳೆದ ಕುಂಕುಮದ ಬಣ್ಣ.

"ನೆಲ ಮೆತ್ತಗಾಗಿದೆ," ಅಂದರು, "ಕಾಲಿಟ್ಟರೆ ಹಾಸಿಗೆ."
ಸುತ್ತಿಗೆಯ ಹಿಡಿಯಿಂದ ಬಡಿಯುತ್ತಾ ಹೋದೆ
ಹಲಸಿನಕಾಯಿ ಬಡಿದು ನೋಡುವ ಹಾಗೆ.
ಟಕ್, ಟಕ್, ಟಕ್,
ಎಡಗಡೆಯ ಸೀಟಿನ ಹತ್ತಿರ
ದಬ್.
ಹಣ್ಣಾಗಿದೆ.

ಇಂಜಿನ್ನನ್ನು ಚೈನ್ ಬ್ಲಾಕಿಗೆ ತೂಗುಹಾಕಿ
ನೆಲ ಕೊಯ್ದೆವು, ನಾನು ಮತ್ತು ನೊವಾಖಾಲಿಯ ಮೊಫಿಜುಲ್.
ಒಳಗೆ ಹಳದಿ ಫೋಮು, ಹಿಂಡಿದರೆ ನೀರು.
ಹೊರಗೆ ನಲವತ್ತಾರು ಡಿಗ್ರಿ.
ಲೋಟದ ಚಹಾ ಕುಡಿಯುವ ಮೊದಲೇ ಒಣಗುವ ಊರಲ್ಲಿ
ಎಷ್ಟು ಬೇಸಿಗೆ ದಾಟಿ ಕೂತಿತ್ತೋ ಈ ತೇವ.
ಅದರಡಿ ಉದ್ದದ ತೊಲೆ, ಬೋಟಿನ ಬೆನ್ನೆಲುಬು,
ಹಿಡಿದರೆ ಕೈಯಲ್ಲಿ
ನೆನೆದ ಅವಲಕ್ಕಿ.

ಸ್ಟೀಲಿನ ಆರು ಸ್ಕ್ರೂಗಳ ಜೊತೆ
ಹಿತ್ತಾಳೆಯ ಏಳನೆಯದು.
ಸತು ಕರಗಿ ಗುಲಾಬಿಯಾದದ್ದು,
ಉಗುರಲ್ಲಿ ಕೆರೆದರೆ ಉದುರುವಂಥದ್ದು.
ಸುತ್ತ ಅಂಟಿಲ್ಲ, ಮೇಣವಿಲ್ಲ, ಬರೀ ತೂತು.

ಗುರುತು ಹಿಡಿದೆ.
ನಾನು ಇಲ್ಲಿಗೆ ಬಂದ ವರ್ಷ, ಗುರುವಾರ ಸಂಜೆ,
ಸೀಟಿನ ಪಟ್ಟಿಗೆ ಒಂದು ಸ್ಕ್ರೂ ಕಡಿಮೆ ಬಿದ್ದಿತ್ತು.
ಕೋಟದಲ್ಲಿ ಅಕ್ಕ ಪಕ್ಕದ ಮನೆಯ ಫೋನಿನ ಬಳಿ
ಏಳು ಗಂಟೆಗೆ ಬಂದು ಕೂರುತ್ತಿದ್ದಳು.
ಊರಿಂದ ತಂದ ಉಳಿಪೆಟ್ಟಿಗೆಯಲ್ಲಿ
ಬಾಗಿಲ ಚಿಲಕಕ್ಕೆ ಹಾಕುವ ಒಂದೇ ಒಂದು ಸಿಕ್ಕಿತು.
ತಿರುಪಿದೆ. ಸರಿಯಾಗಿಯೇ ಕೂತಿತು. ಓಡಿದೆ.
ಅಕ್ಕ ಏನು ಹೇಳಿದಳೋ ಈಗ ನೆನಪಿಲ್ಲ.
ನೀರು ಅವತ್ತೇ ಶುರುಮಾಡಿರಬೇಕು.

ಖಲ್ಫಾನರು ಶೆಡ್ಡಿಗೆ ಬಂದು ಬಗ್ಗಿ ನೋಡಿ
"ಎಲ್ಲಿಂದ ಬಂತು ಉಸ್ತಾದ್, ಇಷ್ಟು ನೀರು?"
"ಹಳೆಯ ಬೋಟು," ಅಂದೆ.
ಮುಷ್ಟಿಯೊಳಗೆ ಸ್ಕ್ರೂ ಬೆವರಿತು.
ಅವರು ಹೌದೆಂದು ತಲೆಯಾಡಿಸಿ
ಖರ್ಜೂರದ ಡಬ್ಬಿ ಇಟ್ಟು ಹೋದರು.
ಮೊಫಿಜುಲನೇ ಅಷ್ಟೂ ತಿಂದ.

ಹಗಲು ರೆಸಿನ್ ಕೆಲಸ ಆಗದು ಇಲ್ಲಿ,
ಹಾರ್ಡನರ್ ಬಿದ್ದದ್ದೇ ಡಬ್ಬಿಯೊಳಗೆ ಹೊಗೆಯಾಡಿ ಕಲ್ಲು.
ರಾತ್ರಿ ಎರಡರಿಂದ ಬಾಂಗಿನವರೆಗೆ
ಹೊಸ ತೊಲೆ ಕೆತ್ತಿದೆ, ಗಾಜಿನ ನಾರು ಹೊದಿಸಿದೆವು,
ರೋಲರ್ ಉರುಳಿಸಿ ಒಂದೊಂದೇ ಗುಳ್ಳೆ ಒಡೆದೆವು.
ತೂತು ಕೊರೆದು, ರೆಸಿನ್ ಕುಡಿಸಿ, ಒಣಗಲು ಬಿಟ್ಟು,
ಅದರೊಳಗೇ ಮತ್ತೆ ಸಣ್ಣ ತೂತು.
"ಒಂದು ಸ್ಕ್ರೂಗೆ ಮೂರು ಕೆಲಸವಾ ದಾದಾ?"
"ನಾಲ್ಕು," ಅಂದೆ.

ಬಿಲ್ಲಿನಲ್ಲಿ ಎಡಗಡೆಯ ತೊಲೆ ಬರೆಯಲಿಲ್ಲ.
ಸೈದಲವಿ ಶೆಡ್ಡಿನ ಮಾಲೀಕ, ಲೆಕ್ಕದ ಮನುಷ್ಯ.
"ನನ್ನ ಸಂಬಳದಲ್ಲಿ ಹಿಡಿದುಕೋ" ಅಂದಾಗ
ಪೆನ್ನು ಕಿವಿಗೆ ಸಿಕ್ಕಿಸಿ ನನ್ನ ಮುಖ ನೋಡಿದ.
ಕೇಳಲಿಲ್ಲ. ಹಿಡಿದುಕೊಂಡ.

ನವೆಂಬರಿನಲ್ಲಿ ನೀರಿಗಿಳಿಸಿದೆವು.
ಇಂಜಿನ್ನು ಎರಡು ಸಲ ಕೆಮ್ಮಿ,
ಆಮೇಲೆ ಗಂಟಲು ಸರಿಮಾಡಿಕೊಂಡ ಭಾಗವತರ ಹಾಗೆ
ಶ್ರುತಿ ಹಿಡಿಯಿತು.
ಚಕ್ರ ಖಲ್ಫಾನರ ಕೈಯಲ್ಲಿ,
ಹಗ್ಗದ ತುದಿಯಲ್ಲಿ ಮೊಮ್ಮಗಳು ಮೈಥಾ.
ಕಾಂಡ್ಲಾ ಗಿಡಗಳ ಆಚೆ ಅವಳು ನೀರ ಮೇಲೆ ಎದ್ದು ನಿಂತಳಂತೆ.
ಕೂಗು ಕೇಳಿತು. ನಾನು ನೋಡಲಿಲ್ಲ.

ನಾನು ಹಲಗೆ ಎತ್ತಿ, ತಳದಲ್ಲಿ ತಲೆ ಹಾಕಿ ಮಲಗಿದ್ದೆ.
ಶಾಫ್ಟು ಬೋಟಿನಿಂದ ಹೊರಗೆ ಹೋಗುವಲ್ಲಿ
ಬಿರಡೆಯನ್ನು ಪೂರ್ತಿ ಬಿಗಿಯಬಾರದು,
ಬಿಗಿದರೆ ಸುಟ್ಟುಹೋಗುತ್ತದೆ.
ಸ್ವಲ್ಪ ಸೋರಬೇಕು.
"ಇನ್ನೂ ಬಿಗಿಯಲಾ?" ಮೊಫಿಜುಲ್ ಸ್ಪ್ಯಾನರ್ ಹಿಡಿದಿದ್ದ.
"ಬೇಡ, ಎಣಿಸು. ನಿಮಿಷಕ್ಕೆ ಮೂರು."
ಒಂದು ಬಿತ್ತು. ಎರಡು.
ಜೇಬಿನಲ್ಲಿ ಸ್ಕ್ರೂ ತೊಡೆಗೆ ಚುಚ್ಚುತ್ತಿತ್ತು.
ಮೂರನೆಯದಕ್ಕೆ ಟಾರ್ಚು ಹಿಡಿದು ಕಾದೆ.