ಇನ್ನೂ

ಡಬ್ಬಿ ಇಳಿಸುವ ಮೊದಲೇ ಕೇಳುತ್ತಾರೆ:
"ಇನ್ನೂ ಮಾತು ಬಂದಿಲ್ವೇನೇ?"
ಸೀಗೆಹಟ್ಟಿಯ ನನ್ನ ಹಿಟ್ಟಿನ ಗಿರಣಿಯಲ್ಲಿ
ಅಕ್ಕಿಗಿಂತ ಹೆಚ್ಚು ಬೀಸಿದ್ದು ಈ ಒಂದು ಪದವನ್ನು.
ಇನ್ನೂ ಇಲ್ವಾ. ಇನ್ನೂ ಹಾಗೇನಾ. ಇನ್ನೂ ಎಷ್ಟು ವರ್ಷ.
ಬೆಲ್ಟಿನ ಸದ್ದಿಗೆ ಕಿವಿ ಕೇಳಿಸದವಳಂತೆ
ನಾನು ತೂಕದ ಕಲ್ಲು ಹುಡುಕುತ್ತೇನೆ.

ಇಂಚರ ಎಂದು ಹೆಸರಿಟ್ಟವಳು ನಾನೇ.
ಮೊನ್ನೆಗೆ ಏಳು ತುಂಬಿತು.
ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಾಯಿತು,
ಅತ್ತೆ ಹರಕೆ ಹೊತ್ತು ಗಂಟೆ ಕಟ್ಟಿ ಬಂದದ್ದಾಯಿತು.
ಆ ಗಂಟೆಯ ಸದ್ದಿಗೇ ಕಿವಿ ಮುಚ್ಚಿಕೊಂಡು
ಗುಡಿಯ ಮೆಟ್ಟಿಲ ಮೇಲೆ ಉರುಳಾಡಿ ಅತ್ತಿದ್ದಳು ಇವಳು.
ದೃಷ್ಟಿ ಎಂದರು ಒಬ್ಬರು, ಮೊಬೈಲು ಎಂದರು ಇನ್ನೊಬ್ಬರು.
"ಬಸುರಿಯಾಗಿ ಆ ಗದ್ದಲದಲ್ಲೇ ಕೂತಿದ್ದೆಯಲ್ಲ"
ಎಂದದ್ದು ನನ್ನ ಒಡಹುಟ್ಟಿದ ಅಕ್ಕ.
ಅದೊಂದು ಮಾತು
ಎಷ್ಟು ಜಾಲಿಸಿದರೂ ಜರಡಿಯಿಂದ ಕೆಳಗಿಳಿಯುವುದಿಲ್ಲ.

ಕುಕ್ಕರಿನ ಸೀಟಿಗೆ ಮಂಚದಡಿ ಸೇರುವವಳು
ಗಿರಣಿಗೆ ಮಾತ್ರ ಹೆದರುವುದಿಲ್ಲ.
ಹಿಟ್ಟಿಳಿಯುವ ಕೊಳವೆಗೆ ಅಂಗೈ ಒತ್ತಿ
ಗಂಟೆಗಟ್ಟಲೆ ನಿಲ್ಲುತ್ತಾಳೆ, ಹುಬ್ಬಿನ ಮೇಲೆ ಬಿಳಿ ಧೂಳು.
ಮೊದಲು ಅಕ್ಕಿ, ಆಮೇಲೆ ಗೋಧಿ, ಕಡೆಗೆ ರಾಗಿ.
ಸಾಲು ತಪ್ಪಿದರೆ ಆ ದಿನವೇ ಮುರಿದು ಬೀಳುತ್ತದೆ.
ಜೈಬುನ್ನಿಸಾ ಒಬ್ಬರೇ ಏನೂ ಕೇಳದವರು.
ರಾಗಿ ತಂದ ದಿನ ಕಟ್ಟೆಯ ಮೇಲೆ ಕೂತು
ಗೋಧಿಯವರೆಲ್ಲ ಮುಗಿಯಲಿ ಎಂದು ಕಾಯುತ್ತಾರೆ.
ಉಪಕಾರವಾಯಿತು ಎನ್ನಲು ಹೋದರೆ
"ಮೊಣಕಾಲು ನೋವು ಕಣಮ್ಮ, ಕೂತಿದೀನಿ ಅಷ್ಟೇ" ಎನ್ನುತ್ತಾರೆ.

ಇವಳಪ್ಪನದು ಬೇರೆ ಬಗೆ.
ಸವಳಂಗ ರಸ್ತೆಯ ಆ ಮೇಲ್ಮಹಡಿಗೆ,
ತರಬೇತಿಯ ಕೋಣೆಗೆ, ಒಮ್ಮೆಯೂ ಹತ್ತಿ ಬಂದವನಲ್ಲ.
ಕೆಳಗೇ ಲಗೇಜ್ ಆಟೋದಲ್ಲಿ ಕೂತು ಬೀಡಿ ಸೇದುತ್ತಾನೆ.
ಒಂದು ದಿನ ನೋಡುತ್ತೇನೆ, ಆಟೋಕ್ಕೆ ಹಾರನ್ನೇ ಇಲ್ಲ.
ಬಿಚ್ಚಿ ಸೀಟಿನಡಿ ಹಾಕಿದ್ದಾನೆ.
ಗಾಂಧಿ ಬಜಾರಿನ ಸಂದಣಿಯಲ್ಲಿ ಈಗ
"ಹೋಯ್, ಸ್ವಲ್ಪ ಸರೀರಿ" ಎಂದು ಬಾಯಲ್ಲೇ ಕೂಗುತ್ತಾನಂತೆ.

ಆ ಮಹಡಿಯ ಹುಡುಗಿ, ಸುಮೇಧಾ ಟೀಚರ್,
ಚಿತ್ರದ ಚೀಟಿಗಳನ್ನು ಕೊಟ್ಟಿದ್ದಾಳೆ.
ನೀರು. ದೋಸೆ. ಬಚ್ಚಲು. ಸಾಕು.
ಚಾಚಿದ ಎರಡು ಕೈಗಳ ಚಿತ್ರ, ಅದರ ಕೆಳಗೆ: ಇನ್ನೂ.
"ಬಾಯಿಂದಲೇ ಬರಲಿ ಅಂತ ಹಟ ಬೇಡ ಅಕ್ಕ,
ಕೈಯಲ್ಲಿ ಕೊಟ್ರೂ ಮಾತು ಮಾತೇ ಅಲ್ವಾ" ಎಂದಳು.
ಹತ್ತು ತಿಂಗಳು
ನಾನೇ ಚೀಟಿ ಕೊಟ್ಟೆ, ನಾನೇ ಇಸಿದುಕೊಂಡೆ.
ಇವಳು ಅವುಗಳ ಅಂಚು ನೆಕ್ಕಿದಳು.

ಕಳೆದ ಬುಧವಾರ ಕರೆಂಟು ಹೋಯಿತು.
ಬೆಲ್ಟು ನಿಧಾನವಾಗಿ, ಮತ್ತೂ ನಿಧಾನವಾಗಿ, ನಿಂತಿತು.
ಕೊಳವೆಯ ಮೇಲೆ ಇವಳ ಅಂಗೈ ಹಾಗೇ ಇತ್ತು.
ಆಮೇಲೆ ಗೋಡೆಯ ಹಲಗೆಗೆ ಹೋಗಿ, ಒಂದು ಚೀಟಿ ಕಿತ್ತು
ತಂದು ಒತ್ತಿದಳು.
ನನಗಲ್ಲ.
ಗಿರಣಿಯ ಕಬ್ಬಿಣದ ಹೊಟ್ಟೆಗೆ.
ಇನ್ನೂ.

ಏಳು ವರ್ಷ ಕಾದ ಮೊದಲ ಮಾತು
ಯಂತ್ರದ ಪಾಲಾಯಿತು.
ಹೊಟ್ಟೆಕಿಚ್ಚಾಯಿತು ನನಗೆ, ಸುಳ್ಳೇಕೆ ಹೇಳಲಿ.
ಮೆಸ್ಕಾಂಗೆ ಫೋನು ಮಾಡಿದರೆ
"ಲೈನ್ ಮೇಲೆ ಮರ ಬಿದ್ದಿದೆ, ಸಂಜೆಯಾಗುತ್ತೆ."
ಮರ, ಲೈನು, ಸಂಜೆ:
ಇದನ್ನು ಯಾವ ಚೀಟಿಯಲ್ಲಿ ಹೇಳಲಿ?
ಇವಳು ಒತ್ತುತ್ತಲೇ ಇದ್ದಾಳೆ. ಉಸಿರು ಏರುತ್ತಿದೆ.
ಏನು ಮಾಡಲೂ ತೋಚದೆ
ಆ ಪುಟ್ಟ ಅಂಗೈ ತೆಗೆದು ನನ್ನ ಗಂಟಲಿಗಿಟ್ಟುಕೊಂಡೆ,
ತುಟಿ ಮುಚ್ಚಿ ಗಿರಣಿಯಾದೆ.
ಮ್ಮ್ಮ್ಮ್ಮ್.
ಮೊದಲು ಅಕ್ಕಿಯ ಸದ್ದು, ತೆಳ್ಳಗೆ.
ಆಮೇಲೆ ಗೋಧಿಯದು, ಕೊಂಚ ದಪ್ಪ.
ಉಸಿರು ಮುಗಿಯಿತು, ನಿಂತೆ.

ಇವಳು ನನ್ನ ಮುಖ ನೋಡಲಿಲ್ಲ.
ಗಿರಣಿಯ ಹೊಟ್ಟೆಯಿಂದ ಚೀಟಿ ಬಿಡಿಸಿ
ನನ್ನ ಕೊರಳಿಗೆ ಒತ್ತಿದಳು.

ಕಟ್ಟೆಯಿಂದ ಜೈಬುನ್ನಿಸಾ ಕೂಗಿದರು:
"ರಾಗಿ ಇನ್ನೂ ಬಾಕಿ ಇದೆ, ಮರೀಬೇಡ."