ಉಬ್ಬುವ ಹೊತ್ತು

ರಾತ್ರಿ ಮೂರಕ್ಕೆ ಲಷ್ಕರ್ ಮೊಹಲ್ಲಾದಲ್ಲಿ
ಎಚ್ಚರವಿರುವುದು ನಾವು ಮೂರೇ:
ನಾನು, ಒಲೆ,
ಮರದ ತೊಟ್ಟಿಯಲ್ಲಿ ಒದ್ದೆ ಬಟ್ಟೆ ಹೊದ್ದ ಹಿಟ್ಟು.
ಪುಟ್ಮಾದ ಮೈದಾ ಮೂಟೆಗೆ ಒರಗಿ ಗೊರಕೆ.

ಆ ಗುರುವಾರ ಬಟ್ಟೆ ಸರಿಸಿ ಅಂಗೈ ಊರಿದೆ.
ಒಳಗಿಂದೊಂದು ಗುಳ್ಳೆ ಎದ್ದು ತಳ್ಳಿತು.
ದಿನಾ ತಳ್ಳುತ್ತದೆ, ಅದರಲ್ಲೇನು.
ಆದರೆ ಅವತ್ತು ತಳ್ಳಿದ್ದು ಅಂಗೈಯನ್ನಲ್ಲ.
ಲೂರ್ದಮ್ಮ, ಅಂದಿತು.
ಅಂದಿತು ಅಂದರೆ ದನಿಯಿರಲಿಲ್ಲ;
ಮರೆತ ಹೆಸರು ನಾಲಗೆಗೆ
ತಾನಾಗಿ ಬಂದು ಕೂರುತ್ತದಲ್ಲ, ಹಾಗೆ.

‘ಕರೆದೆಯೇನೋ ಮಾದ?’
‘ನಾನ್ಯಾಕ ಕರದನು, ಮನಿಕೊ ಸುಮ್ಗ.’

ಇನ್ನೊಂದು ಸಲ.
‘ಲೇ, ನೀನೇ ಅಲ್ವೇನೋ?’
‘ಹೊಗ ತಲಗೇರದ ಕಣಣ್ಣ ನಿಂಗ.’

ಮೂರನೆಯ ಸಲ ನಾನು ಯಾರನ್ನೂ ಕೇಳಲಿಲ್ಲ.

ಲೂರ್ದಮ್ಮ ಅಂದರೆ
ಬೆಳಗಿನ ಬಲಿಪೂಜೆಯಲ್ಲಿ ಎಡಗಡೆ ಕಂಬದ ಪಕ್ಕ
ಒಂದು ಕಂದು ಶಾಲು, ಕೆಮ್ಮು ಬಂದರೆ ಬಾಯಿಗೆ ಸೆರಗು.
ಮೂರು ಭಾನುವಾರದಿಂದ ಆ ಕಂಬ ಬರೀ ಕಂಬ.
ಮನೆ ಕೆಸರೆಯಲ್ಲಿ, ಹಾಲಿನ ಬೂತಿನ ಹಿಂದೆ.
ಇಷ್ಟೇ ಗೊತ್ತು ನನಗೆ.

ಹೋಗಿ ಬರಲು ಒಂದು ಗಂಟೆ ಬೇಕು.
ಹಿಟ್ಟು ಕಾಯುವುದು ಇಪ್ಪತ್ತೇ ನಿಮಿಷ.
ಉಳಿದ ನಲವತ್ತಕ್ಕೆ ಯಾರು ಹೊಣೆ,
ಕೇಳಿದೆ. ಉತ್ತರ ಬರಲಿಲ್ಲ.
ಇದು ನಿನ್ನೆಯ ಹಳಸಿದ ಸಾರಿನ ಕೆಲಸವಿರಬಹುದು.
ಸೈಕಲ್ಲಿಗೆ ಗಾಳಿಯಿಲ್ಲದಿದ್ದರೆ ಹೋಗುವುದಿಲ್ಲ, ಅಂದುಕೊಂಡೆ.
ಬಗ್ಗಿ ಒತ್ತಿ ನೋಡಿದೆ.
ಗಾಳಿ ಇತ್ತು, ಎರಡು ಚಕ್ರದಲ್ಲೂ.

ನಿನ್ನೆಯ ಬ್ರೆಡ್ಡೊಂದು ಪೇಪರಿನಲ್ಲಿ ಸುತ್ತಿ
ಅಶೋಕ ರಸ್ತೆ ಹಿಡಿದೆ. ಚರ್ಚಿನ ಗೋಪುರಗಳೆರಡೂ
ತಮಗೇನೂ ತಿಳಿಯದು ಅನ್ನುವ ಹಾಗೆ ನಿಂತಿದ್ದವು.
ಫೌಂಟನ್ ಸರ್ಕಲ್ಲಿನಲ್ಲಿ ಪೊಲೀಸು ಲಾಠಿ ಅಡ್ಡ ಹಿಡಿದ.
‘ಎಲ್ಲಿಗೆ?’
‘ಕೆಸರೆಗೆ ಸ್ವಾಮಿ, ಬ್ರೆಡ್ಡು ಕೊಡೋಕೆ.’
‘ಈ ಹೊತ್ತಲ್ಲಿ? ಯಾರು ಕಳಿಸಿದ್ದು?’
‘ಮಾಲೀಕರು,’ ಅಂದೆ.

ಬೂತಿನ ಹಿಂದೆ ಒಂದೇ ಮನೆಗೆ ದೀಪ.
ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ
ಲೂರ್ದಮ್ಮ, ಕಾಲ ಬಳಿ ಒಂದು ಚೀಲ.
‘ನಾನು ಬ್ರೆಡ್ಡು ಹೇಳಿರಲಿಲ್ಲವಲ್ಲ.’
‘ಇಲ್ಲಮ್ಮ.’
ಪೇಪರು ಬಿಚ್ಚಿ ಮೂಗಿನ ಹತ್ತಿರ ಹಿಡಿದರು.
‘ನಿನ್ನೇದು.’
‘ಹೌದು. ಇವತ್ತಿಂದು ಇನ್ನೂ ಉಬ್ಬುತ್ತಾ ಅದೆ.’
ಕೆಮ್ಮಿದರೋ ನಕ್ಕರೋ ಗೊತ್ತಾಗಲಿಲ್ಲ.
ಎಷ್ಟೋ ಹೊತ್ತು ರಸ್ತೆಯನ್ನೇ ನೋಡಿದರು.
ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದು
ಬಾಗಿಲು ತೆರೆದು
ಚೀಲವನ್ನು ಕಾಲಲ್ಲೇ ಒಳಕ್ಕೆ ಸರಿಸಿ,
‘ಟೀ ಕುಡಿದು ಹೋಗು,’ ಅಂದರು.

ವಾಪಸು ಬಂದಾಗ ಹಿಟ್ಟು ಕುಸಿದು
ತೊಟ್ಟಿಯ ತುಂಬ ಹುಳಿ ವಾಸನೆ.
ರಂಗಧಾಮಯ್ಯನವರು ಮೂರು ದಿನದ ಕೂಲಿ ಹಿಡಿದರು.
‘ಯಾರು ಹೇಳಿದರು ನಿನಗೆ ಹೋಗು ಅಂತ?’
ಮಾಲೀಕರ ಮುಂದೆ ಮಾಲೀಕರು ಅನ್ನಲಾಗಲಿಲ್ಲ.
ಹಿಟ್ಟನ್ನು ಎರಡು ಸಲ ಸುಟ್ಟು ರಸ್ಕು ಮಾಡಿದೆವು.
ಅದೂ ಅಂಥಾ ಚೆನ್ನಾಗಿರಲಿಲ್ಲ.

ಭಾನುವಾರ ಕಂಬದ ಪಕ್ಕ ಶಾಲು ಇತ್ತು.
ಚೀಲದಲ್ಲೇನಿತ್ತು, ಹೊರಟದ್ದು ಎಲ್ಲಿಗೆ,
ನಾನು ಕೇಳಿಲ್ಲ, ಅವರು ಹೇಳಿಲ್ಲ.

ಆಮೇಲೂ ಎಷ್ಟೋ ಗುಳ್ಳೆ ಅಂಗೈ ತಳ್ಳಿವೆ.
ಮುಕ್ಕಾಲು ಪಾಲು ಬರೀ ಗುಳ್ಳೆ.
ಒಂದು ಸಲ ನಂಬಿ ಬನ್ನಿಮಂಟಪದ ತನಕ ಹೋಗಿ
ನಾಯಿ ಅಟ್ಟಿಸಿಕೊಂಡು ಬಂದು, ಒಂದು ಚಪ್ಪಲಿ ಬಿಟ್ಟು ಬಂದೆ.
ಯಾವುದು ಯಾವುದೆಂದು ಒತ್ತಿ ನೋಡಿ ಹೇಳುವ ಕೈ
ನನಗಿನ್ನೂ ಬಂದಿಲ್ಲ.

ಶನಿವಾರ ಶನಿವಾರ ಮಾತ್ರ
ಸೈಕಲ್ಲಿಗೆ ಗಾಳಿ ತುಂಬಿಸಿ ಇಟ್ಟಿರುತ್ತೇನೆ.