ಕಡ್ಡಿಪೆಟ್ಟಿಗೆಯ ಚಿತ್ರ

ಗೋರೆಗಾಂವಿನ ಏಳನೇ ಫ್ಲೋರಿನಲ್ಲಿ
ಲಾಲ್‌ಬಾಗು ಎದ್ದು ನಿಂತಿದೆ, ಪ್ಲೈವುಡ್ಡಿನದು.
ನಾಲ್ಕು ಮಾಳಿಗೆಯ ಚಾಳಿಗೆ ಒಂದೇ ಮಗ್ಗುಲು;
ಹಿಂದಕ್ಕೆ ಹೋದರೆ ಬರೀ ಬಿದಿರು, ಮೊಳೆ,
ಡಬ್ಬಿ ಬಿಚ್ಚಿ ಉಣ್ಣುತ್ತ ಕೂತ ಬಡಗಿಗಳು.

ನನಗೊಂದು ಕುರ್ಚಿ ಹಾಕಿದ್ದಾರೆ.
ಸಲಹೆಗಾರ ನಾನು. ದಿನಕ್ಕೆ ಎರಡು ಸಾವಿರ, ಮೇಲೆ ಇಡ್ಲಿ.
ಐವತ್ತು ವರ್ಷ ಇಡ್ಲಿ ಬಡಿಸಿದವನಿಗೆ
ಇಡ್ಲಿ ತಂದಿಡುತ್ತಾನೆ ಒಬ್ಬ ಪೋರ,
'ಬಂಗೇರ ಕಾಕಾ, ಚಟ್ನಿ ಬೇಕಾ' ಅಂತ.

ಎಪ್ಪತ್ತೊಂದರ ಕೊಲೆ, ಎಂಟು ಕಂತು.
ನಮ್ಮ ಗಲ್ಲಿಯದೇ. ಹೆಸರು ಮಾತ್ರ ಬದಲು:
ಖಾನಾವಳಿಯ ಇಂದೂಬಾಯಿ ಇಲ್ಲಿ ಸುಮನ್‌ಬಾಯಿ,
ಸಾಯುವಾಗ ವಯಸ್ಸು ಇಪ್ಪತ್ತು ಕಡಿಮೆ.

ಸಂಶೋಧನೆಯ ಹುಡುಗಿ ಕೇತಕಿ, ಕಿವಿಯ ಮೇಲೆ ಪೆನ್ಸಿಲು:
'ತಪ್ಪು ಹಿಡಿಯಿರಿ ಕಾಕಾ, ಬಿಡಬೇಡಿ.
ಒಂದೇ ಒಂದು ಸಿಕ್ಕರೂ ನೋಡುವವರು ನಮ್ಮ ಚರ್ಮ ಸುಲಿಯುತ್ತಾರೆ.'

ಹಿಡಿದೆ.
ಟ್ರಾಮು ತೆಗೆಸಿದೆ, ಅದು ನಿಂತು ಆಗಲೇ ಏಳು ವರ್ಷ.
ಹಾಲಿನ ಪ್ಲಾಸ್ಟಿಕ್ ಚೀಲ ತೆಗೆಸಿ ಗಾಜಿನ ಬಾಟಲಿ ಇಡಿಸಿದೆ.
ಗಿರಣಿಯ ಭೋಂಗಾ ಒಮ್ಮೆ ಕೂಗಿದರೆ ಯಾರು ಏಳುತ್ತಾರೆ?
ಮೂರು ಸಲ ಕೂಗಿಸಿದೆ.
ಮೇಜು ಒರೆಸುವ ಹುಡುಗನ ಕಾಲಿಂದ ಚಪ್ಪಲಿ ಬಿಚ್ಚಿಸಿದೆ.
ಆ ಹುಡುಗ ನಾನು.

ಬೀದಿ ದೀಪ ನೋಡಿ ಮಾತ್ರ ಬೈದೇಬಿಟ್ಟೆ.
ಡಿಸೆಂಬರಮ್ಮಾ, ಯುದ್ಧ! ಊರಿಗೆ ಊರೇ ಕತ್ತಲು,
ಕಿಟಕಿಗೆಲ್ಲ ಕಪ್ಪು ಕಾಗದ, ಟ್ಯಾಕ್ಸಿಯ ಕಣ್ಣಿಗೂ ಅರ್ಧ ಕಪ್ಪು,
ಸ್ವಂತ ಕೈ ಕಾಣದೆ ಚಹಾ ಹೊತ್ತು ನಡೆಯುತ್ತಿದ್ದೆವು.

ದೀಪ ಇಳಿಸಿದರು. ಕ್ಯಾಮೆರಾದವನು ಗೊಣಗಿದ:
'ಹಾಗಾದರೆ ಕೊಲೆಗಾರನ ಮುಖ?'
'ಅದಕ್ಕೇ ಇದೆಯಲ್ಲ ಬೆಂಕಿಕಡ್ಡಿ,' ಕೇತಕಿ ಹಾಳೆ ತಿರುವಿದಳು,
'ತೀರ್ಪಿನಲ್ಲೇ ಇದೆ. ಮೂರನೇ ಸಾಕ್ಷಿ:
ಬೀಡಿ ಹಚ್ಚಿದ, ಮುಖ ಕಂಡಿತು.
ಕಾಕಾ, ಕಡ್ಡಿಪೆಟ್ಟಿಗೆಯ ಮೇಲೆ ಚಿತ್ರ ಏನಿತ್ತು?'

ಹಾಲಿನ ಮುಚ್ಚಳದ ಗೆರೆ ನೆನಪಿದೆ ನನಗೆ.
ಇನ್ಸ್‌ಪೆಕ್ಟರನ ಬೆಲ್ಟಿನ ಎಷ್ಟನೇ ತೂತಿಗೆ ಕೊಂಡಿ ಬೀಳುತ್ತಿತ್ತು, ನೆನಪಿದೆ.
ಬೀಡಿ ಹಚ್ಚಿದ, ಮುಖ ಕಂಡಿತು,
ನೈಟ್ ಸ್ಕೂಲಿನ ಮಗ್ಗಿಯ ಹಾಗೆ ಇಪ್ಪತ್ತು ಸಲ ಹೇಳಿಸಿದ್ದ,
ಮರಾಠಿಯಲ್ಲಿ, ನನ್ನ ತುಳು ನಾಲಿಗೆ ಸರಿಹೋಗುವ ತನಕ.
'ಹೇಳು ಮಾರಾಯ,' ಅಂದಿದ್ದರು ಧಣಿ, 'ಹೋಟೆಲು ನಡೀಬೇಕಲ್ಲ.'

ಧೋಂಡೂ ಘಾಡಿ ಬೀಡಿ ಸೇದುತ್ತಿರಲಿಲ್ಲ.
ಹತ್ತಿಯ ಗಿರಣಿ; ಗೇಟಿನಲ್ಲಿ ಕಿಸೆ ತಡಕುತ್ತಿದ್ದರು,
ಕಡ್ಡಿಪೆಟ್ಟಿಗೆ ಸಿಕ್ಕರೆ ಅಂದಿನ ಪಾಳಿ ಹೋಯಿತು.
ಸುಣ್ಣ ತಂಬಾಕಿನ ಡಬ್ಬಿ ಅವನದು, ಎರಡು ಬಾಯಿಯದು,
ತಿಕ್ಕುತ್ತ ತಿಕ್ಕುತ್ತ ನನಗೆ ಲೆಕ್ಕ ಹೇಳಿಕೊಡುತ್ತಿದ್ದ.

ತೀರ್ಪಾದ ಮಾರನೇ ವಾರ ಅವನ ಹೆಂಡತಿ ಬಂದು
ಉದ್ರಿಯ ನಾಲ್ಕು ರೂಪಾಯಿ ಮೂವತ್ತೈದು ಪೈಸೆ
ಗಲ್ಲೆಯ ಮೇಲೆ ಎಣಿಸಿಟ್ಟಳು.
ಪುಸ್ತಕದಲ್ಲಿ ಹೆಸರಿನ ಮೇಲೆ ಗೆರೆ ಎಳೆದವನೂ ನಾನೇ.

'ಹಡಗು,' ಅಂದೆ.
ಕೇತಕಿ ಬರೆದುಕೊಂಡಳು.
ಸಂಜೆಯೊಳಗೆ ಹಡಗಿನ ಇಪ್ಪತ್ತು ಪೆಟ್ಟಿಗೆ ಅಚ್ಚಾಗಿ ಬಂದವು,
ಚಹಾದ ನೀರು ಸವರಿ ಹಳತು ಮಾಡಿದರು.

ಆಕ್ಷನ್.
ಕತ್ತಲು, ಸರಿಯಾದ ಕತ್ತಲು, ನಾನೇ ತಿದ್ದಿದ್ದು.
ಕಡ್ಡಿ ಗೀರಿತು. ಗಲ್ಲ, ಮೂಗು, ರೆಪ್ಪೆ, ಹಣೆ
ಒಂದೊಂದಾಗಿ ಮೇಲೆದ್ದು ಬಂದವು.
ಐವತ್ತು ವರ್ಷದ ಹಿಂದೆ ಕಂಡೆ ಅಂದದ್ದನ್ನು
ಈಗ ಕಂಡೆ.

'ಸರಿ ಇದೆಯಾ ಕಾಕಾ?'
'ಅವನ ಕಿಸೆಯಲ್ಲಿ
ಸುಣ್ಣ ತಂಬಾಕಿನ ಡಬ್ಬಿ ಒಂದು ಇಡಿ.'
'ಕಿಸೆಯೊಳಗಿನದು ಕ್ಯಾಮೆರಾಕ್ಕೆ ಕಾಣುವುದಿಲ್ಲವಲ್ಲ.'
'ಗೊತ್ತಮ್ಮ,' ಅಂದೆ. 'ಇಡಿ.'